ಬಾರದ ಹಣವನ್ನು ಬಂತೆಂದು ಬರೆದೆ

2024ರ ಮಾರ್ಚ್ 6ರಂದು ಈಜಿಪ್ಟಿನ ಕೇಂದ್ರ ಬ್ಯಾಂಕು ತನ್ನ ಪೌಂಡಿನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಿತು. ಡಾಲರಿಗೆ 31ರ ಹತ್ತಿರವಿದ್ದ ದರ ಅದೇ ದಿನ 50ರ ಆಸುಪಾಸಿಗೆ ಹೋಯಿತು. ನಮ್ಮ ಹಣಕಾಸು ವರ್ಷ ಮುಗಿಯಲು ಇನ್ನೊಂದು ತಿಂಗಳೂ ಇರಲಿಲ್ಲ. ನಾನು ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೆ. ಕೈರೋದ ಅಂಗಸಂಸ್ಥೆಯ ಲೆಕ್ಕವನ್ನು ನಮ್ಮದರೊಂದಿಗೆ ಕ್ರೋಡೀಕರಿಸುವುದು ನನ್ನ ಕೆಲಸ. ಬ್ಯಾಲೆನ್ಸ್ ಶೀಟು, ಲಾಭ-ನಷ್ಟ ಎರಡೂ ಸರಿಯಾಗಿಯೇ ಬಂದವು. ಕೆಡಿಸಿದ್ದು ಕ್ಯಾಶ್ ಫ್ಲೋ.

ಮಾಡಿದ್ದು ಇಷ್ಟೇ: ಎರಡು ವರ್ಷದ ಕ್ರೋಡೀಕೃತ ಬ್ಯಾಲೆನ್ಸ್ ಶೀಟುಗಳನ್ನು ರೂಪಾಯಿಯಲ್ಲಿ ಪಕ್ಕಪಕ್ಕ ಇಟ್ಟು ವ್ಯತ್ಯಾಸ ತೆಗೆದೆ. ಅಂಕಿಗಳನ್ನು ಸರಳ ಮಾಡಿ ಹೇಳುತ್ತೇನೆ. ವರ್ಷದ ಆರಂಭದಲ್ಲಿ ಗ್ರಾಹಕರಿಂದ ಬರಬೇಕಿದ್ದದ್ದು 10 ಕೋಟಿ ಪೌಂಡ್, ಪೌಂಡಿಗೆ 2.65 ರೂಪಾಯಿಯಂತೆ 26.5 ಕೋಟಿ. ಕೊನೆಗೆ ಬಾಕಿ 12 ಕೋಟಿ ಪೌಂಡಿಗೆ ಏರಿತ್ತು. ಆದರೆ ದರ 1.75ಕ್ಕೆ ಇಳಿದಿದ್ದರಿಂದ ರೂಪಾಯಿಯಲ್ಲಿ ಅದು 21 ಕೋಟಿ. ಬಾಕಿ ಐದೂವರೆ ಕೋಟಿ ಇಳಿದಿದೆ, ಅಂದರೆ ಅಷ್ಟು ವಸೂಲಾಗಿದೆ ಎಂದು ನನ್ನ ಹಾಳೆ ಸಾರಿತು. ನಿಜಕ್ಕೆ ಅಲ್ಲಿ ಇನ್ನೂ 2 ಕೋಟಿ ಪೌಂಡ್ ಸಿಕ್ಕಿಕೊಂಡಿತ್ತು. ಆ ಸಾಲಿನಲ್ಲಿ ವರ್ಷದ ಬಹುಪಾಲು ನಡೆದ ದರದಲ್ಲಿ ಸುಮಾರು 5 ಕೋಟಿ ರೂಪಾಯಿ ಕಳೆಯಬೇಕಿತ್ತು. ನಾನು ಐದೂವರೆ ಕೋಟಿ ಕೂಡಿಸಿದ್ದೆ.

ಅನುಮಾನ ಬರಲಿಲ್ಲವೇ ಎಂದರೆ, ತಾಳೆಯಾಗಿತ್ತಲ್ಲ! ವಿನಿಮಯ ವ್ಯತ್ಯಾಸದ ಮೀಸಲು ನಿಧಿಯಲ್ಲಾದ ಇಡೀ ಬದಲಾವಣೆಯನ್ನು ‘ವಿನಿಮಯ ದರದ ಪರಿಣಾಮ’ ಎಂಬ ಸಾಲಿನಲ್ಲಿ ಹಾಕಿದೆ, ಮೊತ್ತ ಪೈಸೆಗೆ ಪೈಸೆ ಕೂಡಿಕೊಂಡಿತು. ಕೂಡದೆ ಏನು ಮಾಡೀತು? ಬ್ಯಾಲೆನ್ಸ್ ಶೀಟು ತಾಳೆಯಾಗಿದ್ದರೆ ಅದರ ವ್ಯತ್ಯಾಸಗಳೆಲ್ಲ ತಾಳೆಯಾಗಲೇಬೇಕು. ಅದು ನನ್ನ ಲೆಕ್ಕ ಸರಿ ಎಂಬುದಕ್ಕೆ ಪುರಾವೆಯೇ ಅಲ್ಲ. ಆ ಮೀಸಲಿನಲ್ಲಿ ಕಟ್ಟಡ, ಯಂತ್ರ, ಸರಕು, ಬಾಕಿ ಎಲ್ಲದರ ಮೇಲಿನ ಪೆಟ್ಟೂ ಸೇರಿರುತ್ತದೆ. ಕ್ಯಾಶ್ ಫ್ಲೋಗೆ ಬೇಕಾದ್ದು ನಗದಿನ ಮೇಲೆ ಬಿದ್ದ ಪೆಟ್ಟು ಮಾತ್ರ.

ಕರಡು ಆಡಳಿತ ಮಂಡಳಿಯ ಕೈಸೇರಿತು. ಖಜಾನೆ ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿ ನನ್ನ ಟೇಬಲ್ ಹತ್ತಿರ ಬಂದು ಕೇಳಿದರು: “ಸರ್, ಕೈರೋದವರು ಇಷ್ಟೊಂದು ವಸೂಲಿ ಮಾಡಿದ್ರೆ ಸಂಬಳ ಕೊಡೋಕೆ ನಮ್ಮ ಹತ್ರ ಯಾಕೆ ದುಡ್ಡು ಕೇಳ್ತಿದ್ದಾರೆ?”

‘ಟೈಮಿಂಗ್ ವ್ಯತ್ಯಾಸ’ ಅಂದೆ. ನಮ್ಮ ವೃತ್ತಿಯಲ್ಲಿ ಗೊತ್ತಿಲ್ಲದ್ದಕ್ಕೆಲ್ಲ ಅದೇ ಉತ್ತರ. ಅವರು ಒಪ್ಪದ ಮುಖ ಮಾಡಿ ಹೋದ ಮೇಲೆ ಹಾಳೆ ತೆರೆದೆ.

ಕ್ಯಾಶ್ ಫ್ಲೋಗೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 7 ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ, ಪರೀಕ್ಷೆಗೆ ನಾನೂ ಓದಿದ್ದೆ. ವಿದೇಶಿ ಅಂಗಸಂಸ್ಥೆಯ ನಗದು ಹರಿವನ್ನು ಹಣ ಚಲಿಸಿದ ದಿನದ ದರದಲ್ಲಿ, ಅಥವಾ ಅದಕ್ಕೆ ಹತ್ತಿರವಾದ ಸರಾಸರಿಯಲ್ಲಿ ರೂಪಾಯಿಗೆ ತರಬೇಕು. ವರ್ಷಾಂತ್ಯದ ದರದಲ್ಲಿ ಅಲ್ಲ. ಮೊದಲು ಅವರ ಕ್ಯಾಶ್ ಫ್ಲೋವನ್ನು ಪೌಂಡಿನಲ್ಲೇ ಪೂರ್ತಿ ಮಾಡಿಸಬೇಕು, ಆಮೇಲೆ ಪರಿವರ್ತನೆ, ಕೊನೆಗೆ ಕ್ರೋಡೀಕರಣ. ಈ ಕ್ರಮವನ್ನೇ ನಾನು ತಲೆಕೆಳಗು ಮಾಡಿದ್ದೆ. ದರ ಹೀಗೆ ಒಮ್ಮೆಲೇ ಕುಸಿದ ವರ್ಷದಲ್ಲಿ ಒಂದೇ ಸರಾಸರಿಯೂ ನಂಬಿಕೆಗೆ ಯೋಗ್ಯವಲ್ಲ. ಮಾರ್ಚ್ 6ರ ಹಿಂದಿನದು ಒಂದು, ಮುಂದಿನದು ಇನ್ನೊಂದು ಎಂದು ವರ್ಷವನ್ನು ಸೀಳಿ ಎರಡು ದರ ಹಾಕಿದೆ.

ವಿನಿಮಯ ಪರಿಣಾಮದ ಸಾಲನ್ನು ಈಗ ಉಳಿಕೆಯಿಂದ ತುಂಬುವುದಿಲ್ಲ, ಬೇರೆಯಾಗಿಯೇ ಲೆಕ್ಕ ಹಾಕುತ್ತೇನೆ. ಆರಂಭದ ನಗದು 4 ಕೋಟಿ ಪೌಂಡ್ ಅನ್ನಿ. ದರ 90 ಪೈಸೆ ಇಳಿದಿದೆ, ನಷ್ಟ 3.6 ಕೋಟಿ ರೂಪಾಯಿ. ವರ್ಷದಲ್ಲಿ ನಿವ್ವಳ 1 ಕೋಟಿ ಪೌಂಡ್ ಹೊರಹೋಯಿತು, ಸರಾಸರಿ 2.60ರಲ್ಲಿ. ಅದು ವರ್ಷಾಂತ್ಯಕ್ಕೆ ನಮ್ಮ ಬಳಿ ಇರದಿದ್ದರಿಂದ ಅದರ ಮೇಲಿನ 85 ಪೈಸೆ ಕುಸಿತ ನಮಗೆ ತಟ್ಟಲಿಲ್ಲ, 0.85 ಕೋಟಿ ಮರಳಿ ಕೂಡಿಸಿದರೆ ಪರಿಣಾಮ 2.75 ಕೋಟಿ. ಇದು ತಾಳೆಗೆ ಬೇಕಾದ ಮೊತ್ತಕ್ಕೆ ಹೊಂದದಿದ್ದರೆ ಮೇಲೆಲ್ಲೋ ತಪ್ಪಿದೆ.

ತಿದ್ದಿದ ಮೇಲೆ ಕೈರೋದ ವ್ಯವಹಾರದಿಂದ ಬಂದ ನಗದು ಕೂಡುವ ಬದಿಯಿಂದ ಕಳೆಯುವ ಬದಿಗೆ ಹೋಯಿತು. ಲೆಕ್ಕಪತ್ರ ಇನ್ನೂ ಪ್ರಕಟವಾಗಿರದಿದ್ದುದು ನನ್ನ ಪುಣ್ಯ. ಆದರೆ ಮೊದಲ ಕರಡು ನೋಡಿದ ಮಂಡಳಿ, ವಸೂಲಿ ಚೆನ್ನಾಗಿದೆಯೆಂದು ಅಲ್ಲಿನ ಗ್ರಾಹಕರಿಗೆ ಸಾಲದ ಅವಧಿ ವಿಸ್ತರಿಸಲು ಆಗಲೇ ಒಪ್ಪಿಗೆ ಕೊಟ್ಟಿತ್ತು. ಅದನ್ನು ಹಿಂಪಡೆಯುವ ಪತ್ರದ ಕರಡನ್ನೂ ನನ್ನಿಂದಲೇ ಬರೆಸಿದರು.