ಎಂಜಲು ಕಡ್ಡಿ

ಕುಡಿದ ಲೋಟವನ್ನು ಹಾಗೆಯೇ ನೀರಿನ ಕೊಡಕ್ಕೆ ಅದ್ದಿದ ಮಗುವಿಗೆ ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಅಜ್ಜಿ ಗದರುತ್ತಾಳೆ, ಕೊಡದ ನೀರು ಅಂಗಳದ ಗಿಡಕ್ಕೆ ಹೋಗುತ್ತದೆ, ಕೊಡ ತೊಳೆದು, ಮತ್ತೆ ನೀರು ಸೋಸಿ ತುಂಬಬೇಕಾಗುತ್ತದೆ. ಎಂಜಲು ಎಂಬ ಒಂದೇ ಮಾತಿನಲ್ಲಿ ನಮ್ಮ ಹಿರಿಯರು ಅರ್ಧ ಆರೋಗ್ಯಶಾಸ್ತ್ರವನ್ನೇ ಕಲಿಸಿಬಿಟ್ಟಿದ್ದಾರೆ. ಇಷ್ಟು ತಿಳಿದಿದ್ದೂ ನಾವು ಒಂದು ಎಂಜಲನ್ನು ಬಹಳ ವರ್ಷ ಗಮನಿಸದೆ ಹೋದೆವು. ಅದರ ಬೆಲೆ ತೆತ್ತವಳು ನಮ್ಮ ಮಗಳು.

ನಾವಿರುವುದು ಮದುಕ್ಕರೈಯಲ್ಲಿ. ಕೊಯಮತ್ತೂರಿನಿಂದ ಪಾಲಕ್ಕಾಡಿಗೆ ಹೋಗುವ ದಾರಿಯಲ್ಲಿ, 1934ರಲ್ಲಿ ಆರಂಭವಾದ ಸಿಮೆಂಟ್ ಕಾರ್ಖಾನೆಯಿಂದ ಹೆಸರಾದ ಊರು. ಗಂಡ ಹೆಂಡತಿ ನಾವಿಬ್ಬರೂ ನೋಡಿಕೊಳ್ಳುವ ಫ್ಯಾನ್ಸಿ ಸಾಮಾನಿನ ಅಂಗಡಿ ನಮ್ಮ ಜೀವನಾಧಾರ. ಬಳೆ, ರಿಬ್ಬನ್ನು, ಪೌಡರುಗಳ ಜೊತೆಗೆ, ಸುತ್ತಲಿನ ಸಣ್ಣ ಬ್ಯೂಟಿ ಪಾರ್ಲರುಗಳಿಗೆ ಬೇಕಾದ ಕ್ರೀಮು, ಮೇಣದ ಡಬ್ಬ ಮುಂತಾದುವನ್ನೂ ಕೊಯಮತ್ತೂರು ಪೇಟೆಯಿಂದ ತಂದು ಕೊಡುತ್ತೇವೆ.

ಹಿರಿಯ ಓದುಗರಿಗಾಗಿ ಒಂದು ವಿವರಣೆ. ಕೈಕಾಲಿನ ರೋಮ ತೆಗೆಯಲು ಮೇಣವನ್ನು ಬಿಸಿ ಮಾಡಿ ಚರ್ಮದ ಮೇಲೆ ತೆಳುವಾಗಿ ಸವರುತ್ತಾರೆ. ಅದರ ಮೇಲೆ ಬಟ್ಟೆಯ ಪಟ್ಟಿ ಒತ್ತಿ, ಸರ್ರನೆ ಎಳೆಯುತ್ತಾರೆ. ರೋಮ ಬೇರು ಸಮೇತ ಬರುತ್ತದೆ. ಇದಕ್ಕೆ ವ್ಯಾಕ್ಸಿಂಗ್ ಎನ್ನುತ್ತಾರೆ. ಇಂದಿನ ಹೆಣ್ಣುಮಕ್ಕಳಿಗೆ ಇದು ತಲೆಗೆ ಎಣ್ಣೆ ಹಚ್ಚಿದಷ್ಟೇ ಸಾಮಾನ್ಯ. ಬೇಕೇ ಬೇಡವೇ ಎಂಬ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ.

2018ರ ವೈಶಾಖದಲ್ಲಿ ಹಿರಿಯ ಮಗಳ ಮದುವೆ ನಿಶ್ಚಯವಾಗಿತ್ತು. ಎಂಟು ದಿನ ಮುಂಚೆ ಅವಳೂ ಅವಳ ತಂಗಿಯೂ ನಮ್ಮ ಗಿರಾಕಿಯೇ ಆದ ಒಂದು ಪಾರ್ಲರಿಗೆ ಹೋಗಿ ಬಂದರು. ಮೂರನೆಯ ದಿನ ಹಿರಿಯವಳ ತೋಳಿನಲ್ಲಿ ಕೆಂಪು ಗುಳ್ಳೆಗಳೆದ್ದವು. ಮನೆಯಲ್ಲಿ ಎಲ್ಲರೂ ಉಷ್ಣ ಎಂದರು. ಗಂಧ ತೇದು ಹಚ್ಚಿದೆವು, ಎಳನೀರು ಕುಡಿಸಿದೆವು. ನಿಜ ಹೇಳಬೇಕೆಂದರೆ, ಡಾಕ್ಟರ ಬಳಿ ಹೋಗಲು ನಮಗೆ ಅಂಜಿಕೆಯಿತ್ತು. ಹುಡುಗಿಗೆ ಏನೋ ಚರ್ಮರೋಗವಂತೆ ಎಂಬ ಮಾತು ಬೀಗರ ಕಿವಿಗೆ ಬಿದ್ದರೆ ಏನು ಗತಿ? ಹೀಗೆ ಎರಡು ದಿನ ಕಳೆದೆವು. ಅಷ್ಟರಲ್ಲಿ ಗುಳ್ಳೆಗಳಲ್ಲಿ ಕೀವು ತುಂಬಿತು, ತೋಳು ಬಾತಿತು, ರಾತ್ರಿ ಜ್ವರ ಬಂತು. ಚಿಕ್ಕವಳಿಗೂ ನಾಲ್ಕಾರು ಗುಳ್ಳೆಗಳು ಕಾಣಿಸಿಕೊಂಡವು.

ಡಾಕ್ಟರು ನೋಡಿದೊಡನೆ ಕೇಳಿದ್ದು ಒಂದೇ ಪ್ರಶ್ನೆ: "ಮೇಣ ಹಚ್ಚಿದ ಕಡ್ಡಿಯನ್ನು ಮತ್ತೆ ಡಬ್ಬಕ್ಕೆ ಅದ್ದಿದರೇನಮ್ಮಾ?"

"ಅದ್ದದೆ ಹೇಗೆ ಡಾಕ್ಟರೇ? ಎಲ್ಲ ಕಡೆಯೂ ಹಾಗೇ ಅಲ್ಲವೇ?" ಎಂದಳು ಮಗಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಮ್ಮ ಸ್ಥಿತಿ ಹಾಗಾಯಿತು. ಆ ಡಬ್ಬ ನಮ್ಮ ಅಂಗಡಿಯದು.

ಡಾಕ್ಟರು ಸಮಾಧಾನವಾಗಿ ವಿವರಿಸಿದರು. ರೋಮವನ್ನು ಬೇರು ಸಮೇತ ಕಿತ್ತಾಗ ಅದು ಕುಳಿತಿದ್ದ ಸಣ್ಣ ಗುಣಿ ಬಾಯಿ ತೆರೆದಿರುತ್ತದೆ. ಚರ್ಮದ ಮೇಲ್ಪದರವೂ ಅಲ್ಲಲ್ಲಿ ಸುಲಿದಿರುತ್ತದೆ. ಸ್ಟೆಫಿಲೋಕಾಕಸ್‌ನಂತಹ ರೋಗಾಣುಗಳು ಆರೋಗ್ಯವಂತರ ಮೈಮೇಲೂ ಇರುತ್ತವೆ. ದಾರಿ ಸಿಕ್ಕಿದರೆ ಒಳಗೆ ಇಳಿಯುತ್ತವೆ. ಆದ್ದರಿಂದ ತನ್ನ ಮೈಯ ರೋಗಾಣುವಿನಿಂದಲೇ ಗುಳ್ಳೆ ಏಳುವುದೂ ಉಂಟು. ಆದರೆ ಒಬ್ಬರ ಚರ್ಮಕ್ಕೆ ತಾಗಿದ ಕಡ್ಡಿ ಡಬ್ಬಕ್ಕೆ ಮರಳಿದರೆ, ಅವರ ಮೈಯ ರೋಗಾಣು, ಕೆಲವೊಮ್ಮೆ ಕಣ್ಣಿಗೆ ಕಾಣದಷ್ಟು ರಕ್ತವೂ, ಮುಂದಿನವರ ಪಾಲಿಗೆ ಅಲ್ಲಿ ಉಳಿಯುತ್ತದೆ. ನರುಲಿ, ತುಟಿಯ ಸುತ್ತ ಏಳುವ ಹರ್ಪಿಸ್ ಗುಳ್ಳೆಗಳಂಥವು ಚರ್ಮದಿಂದ ಚರ್ಮಕ್ಕೆ ಹರಡುವ ರೋಗಗಳು. ರಕ್ತದಿಂದ ಹರಡುವ ಹೆಪಟೈಟಿಸ್ ಬಿ ವೈರಾಣುವಂತೂ ಮೈಯಿಂದ ಹೊರಗೆ ಕನಿಷ್ಠ 7 ದಿನ ಜೀವಶಕ್ತಿ ಉಳಿಸಿಕೊಂಡಿರಬಲ್ಲದು.

"ಮೇಣ ಬಿಸಿಯಿರುತ್ತದಲ್ಲ, ರೋಗಾಣು ಸಾಯುವುದಿಲ್ಲವೇ?" ಎಂದು ನಾವು ಕೇಳಿದೆವು. ಅವರು ನಕ್ಕರು. "ನೀವು ಕಾಯಿಸಿದ ನೀರು ಕುಡಿಯುವವರು. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಅಷ್ಟು ಬಿಸಿಯ ಮೇಣವನ್ನು ಮೈಗೆ ಹಚ್ಚಿಸಿಕೊಳ್ಳುತ್ತೀರಾ? ಆಸ್ಪತ್ರೆಯಲ್ಲಿ ಉಪಕರಣಗಳನ್ನು ಶುದ್ಧಮಾಡಲು 121 ಡಿಗ್ರಿಯ ಹಬೆಯಲ್ಲಿ ಕಾಲು ಗಂಟೆಯಾದರೂ ಇಡುತ್ತೇವೆ. ಚರ್ಮ ತಡೆಯುವ ಬಿಸಿಯನ್ನು ನಂಬಿ ಕೂರಬೇಡಿ." ಹೀಗೆನ್ನುತ್ತಾ ಇನ್ನೊಂದು ಸಂಗತಿ ತಿಳಿಸಿದರು. ಆಸ್ಟ್ರೇಲಿಯದಲ್ಲಿ ಮಧುಮೇಹವಿದ್ದ 20 ವರ್ಷದ ಯುವತಿಯೊಬ್ಬಳಿಗೆ ವ್ಯಾಕ್ಸಿಂಗ್ ನಂತರ ಸ್ಟ್ರೆಪ್ಟೋಕಾಕಸ್ ಸೋಂಕು ತಗುಲಿ ಪ್ರಾಣಕ್ಕೇ ಅಪಾಯವಾಗಿತ್ತಂತೆ. ಅಲ್ಲಿನ ವೈದ್ಯರು 2007ರಲ್ಲಿ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಅಂಥದ್ದು ಅಪರೂಪ, ಆದರೂ ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳದೆ ಈ ಕೆಲಸಕ್ಕೆ ಹೋಗಬಾರದು.

ಔಷಧಿಯಿಂದ ಜ್ವರ ಇಳಿಯಿತು. ಮದುವೆ ನಿಂತ ದಿನದಂದೇ ಆಯಿತು. ಮಗಳು ಮಾತ್ರ ಆ ಬೇಸಿಗೆಯಲ್ಲಿ ಮಣಿಕಟ್ಟಿನವರೆಗೆ ಉದ್ದ ತೋಳಿನ ಕುಪ್ಪಸ ತೊಟ್ಟು ಹಸೆಗೆ ಕೂತಳು. ಅವಳ ಬಲತೋಳಿನಲ್ಲಿ ಇಂದಿಗೂ ಎರಡು ಕಲೆಗಳಿವೆ.

ಮದುವೆಯ ಗದ್ದಲ ಮುಗಿದ ಮೇಲೆ ನಾವಿಬ್ಬರೂ ಕೂತು ಯೋಚಿಸಿದೆವು. ಮೇಣದ ಡಬ್ಬದ ವಿಷಯದಲ್ಲಿ ನಾವು ಅಜಾಗರೂಕರೇನೂ ಆಗಿರಲಿಲ್ಲ. ಜೇನುತುಪ್ಪ, ಜೇನುಮೇಣ ಬೆರೆತ ಡಬ್ಬಗಳನ್ನು ಅಂಗಡಿಗೆ ತರುವುದಿಲ್ಲವೆಂಬ ನಿಯಮ ನಮಗೆ ಮೊದಲಿನಿಂದಲೂ ಇತ್ತು. ಪ್ರತಿ ಡಬ್ಬದ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದುತ್ತಿದ್ದೆವು. ಜೇನುನೊಣಕ್ಕೆ ನೋವಾಗಬಾರದೆಂದು ಅಷ್ಟು ಎಚ್ಚರ ವಹಿಸಿದವರು, ಡಬ್ಬದ ಮುಚ್ಚಳ ತೆರೆದ ಮೇಲೆ ಅದೇ ಮೇಣ ಎಷ್ಟು ಜನರ ಮೈಗೆ ಹೇಗೆ ತಾಗುತ್ತದೆಂದು ಒಂದು ದಿನವೂ ಕೇಳಲಿಲ್ಲ. ಪ್ರಮಾದವೂ ಹಿಂಸೆಗೆ ದಾರಿ ಎಂದು ಶಾಸ್ತ್ರಸಭೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಅದು ನೆನಪಾಗಲಿಲ್ಲ.

ಜಗಳಕ್ಕಲ್ಲದೆ ತಿಳಿಸಿ ಹೇಳಲೆಂದು ಆ ಪಾರ್ಲರಿಗೆ ಹೋದೆವು. ನಡೆಸುವಾಕೆ ಒಂದೇ ಕೋಣೆಯಲ್ಲಿ ದುಡಿದು ಇಬ್ಬರು ಮಕ್ಕಳನ್ನು ಓದಿಸುತ್ತಿರುವವಳು. ವಿಷಯ ಕೇಳಿ ಕಣ್ಣೀರು ಹಾಕಿದಳು. ಆಮೇಲೆ ಲೆಕ್ಕ ಹೇಳಿದಳು: "ಅಣ್ಣಾ, ಒಬ್ಬರ ಎರಡು ಕೈಗೆ ಎಂಟು ಹತ್ತು ಸಲ ಅದ್ದಬೇಕು. ಪ್ರತಿ ಸಲ ಹೊಸ ಕಡ್ಡಿಯೆಂದರೆ ನನಗೆ ಉಳಿಯುವುದೇನು?"

ಅವಳ ಮಾತಿನಲ್ಲೂ ನ್ಯಾಯವಿತ್ತು. ವ್ಯಾಪಾರಸ್ಥರಿಗೆ ಲೆಕ್ಕ ಅರ್ಥವಾಗದಿರುತ್ತದೆಯೇ? ಡಾಕ್ಟರನ್ನೇ ಮತ್ತೆ ಕೇಳಿದಾಗ ದಾರಿ ತೋರಿದರು. ಕರಗಿದ ಮೇಣವನ್ನು ಒಬ್ಬರಿಗೆ ಬೇಕಾದಷ್ಟೇ ಒಂದು ಸಣ್ಣ ಕಾಗದದ ಬಟ್ಟಲಿಗೆ ಸುರಿದುಕೊಳ್ಳುವುದು. ಅವರಿಗೆಂದೇ ಒಂದು ಕಡ್ಡಿ. ಕೆಲಸ ಮುಗಿದ ಮೇಲೆ ಬಟ್ಟಲು, ಕಡ್ಡಿ, ಉಳಿದ ಮೇಣ ಎಲ್ಲವೂ ಕಸಕ್ಕೆ. ದೊಡ್ಡ ಡಬ್ಬಕ್ಕೆ ಯಾರ ಎಂಜಲೂ ತಾಗುವುದಿಲ್ಲ. ನೀರಿನ ಕೊಡದಿಂದ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವ ನಮ್ಮ ಅಜ್ಜಿಯ ಪದ್ಧತಿಯೇ ಅಲ್ಲವೇ ಇದು! ಖರ್ಚು ಒಬ್ಬರಿಗೆ ಕೆಲವೇ ರೂಪಾಯಿ.

ಅಂದಿನಿಂದ ನಮ್ಮ ಅಂಗಡಿಯಲ್ಲಿ ಮೇಣದ ಡಬ್ಬದ ಜೊತೆಗೆ ಕಡ್ಡಿಯ ಕಟ್ಟು, ಕಾಗದದ ಬಟ್ಟಲು, ಒಮ್ಮೆ ಬಳಸಿ ಎಸೆಯುವ ಪಟ್ಟಿಗಳನ್ನು ಅಸಲಿಗೇ ಕೊಡುತ್ತೇವೆ. ಮೂರು ಪಾರ್ಲರಿನವರು, "ಇವರ ಉಪದೇಶ ಯಾರಿಗೆ ಬೇಕು" ಎಂದು ಬೇರೆ ಅಂಗಡಿ ಹಿಡಿದರು. ಹೋಗಲಿ. ನಾವು ಮೊದಲು ಹೇಳಿದಾಕೆ ಮಾತ್ರ ತಪ್ಪದೆ ಒಯ್ಯುತ್ತಾಳೆ.

ಸಹೋದರಿಯರಿಗೆ ನಮ್ಮ ಅನುಭವದಿಂದ ನಾಲ್ಕು ಮಾತು. ಮೈಮೇಲೆ ಗಾಯ, ಗುಳ್ಳೆ ಇದ್ದಾಗ ಹೋಗಬೇಡಿ. ಮೊಡವೆಗೆ ರೆಟಿನಾಯ್ಡ್ ಕ್ರೀಮು ಅಥವಾ ಐಸೊಟ್ರೆಟಿನಾಯಿನ್ ಮಾತ್ರೆ ಬಳಸುವವರ ಚರ್ಮ ಸುಲಭವಾಗಿ ಸುಲಿದು ಬರುತ್ತದೆ. ಡಾಕ್ಟರನ್ನು ಕೇಳದೆ ವ್ಯಾಕ್ಸಿಂಗ್ ಬೇಡ. ಕೆಲಸದಾಕೆ ಕೈ ತೊಳೆದಳೇ, ಹಾಸಿದ ಬಟ್ಟೆ ಬದಲಿಸಿದಳೇ, ಹಿಂದಿನವರಿಗೆ ಬಳಸಿದ ಪಟ್ಟಿಯನ್ನೇ ಎತ್ತಿಕೊಂಡಳೇ ಎಂದು ನೋಡಿ. ಚರ್ಮದ ಮೇಲೆ ಉರುಳಿಸುವ ರೋಲರ್ ಡಬ್ಬಕ್ಕೂ ಎಂಜಲಿನ ಮಾತು ಅನ್ವಯಿಸುತ್ತದೆ. ಮನೆಗೆ ಬಂದ ಮೇಲೆ ಒಂದು ದಿನ ಬಿಸಿನೀರಿನ ಸ್ನಾನ, ಬಿಗಿಯಾದ ಉಡುಪು ಬೇಡ. ಕೀವು, ಬಾವು, ಜ್ವರ ಕಂಡರೆ ನಮ್ಮಂತೆ ಯಾರೇನೆಂದಾರು ಎಂದು ಕೂರದೆ, ಅಂದೇ ಡಾಕ್ಟರ ಬಳಿ ಹೋಗಿ.

ಇನ್ನು ನಮ್ಮಂತೆ ವ್ಯಾಪಾರ ಮಾಡುವ ಬಂಧುಗಳಿಗೆ ಒಂದೇ ವಿನಂತಿ. ಡಬ್ಬ ಮಾರುವಾಗ ಕಡ್ಡಿಯ ಮಾತನ್ನೂ ಆಡಿ. ಸರಕು ಗಲ್ಲಾ ದಾಟಿದೊಡನೆ ನಮ್ಮ ಜವಾಬ್ದಾರಿ ಮುಗಿಯಿತೆಂದು ನಾವೂ ತಿಳಿದಿದ್ದೆವು. ಅದು ಒಂದು ಸುತ್ತು ಹಾಕಿ ನಮ್ಮ ಮನೆಗೇ ಬಂತು.