ಬಾಣ ಬಿಟ್ಟ ಮೇಲಿನ ನಾಲ್ಕು ಗಂಟೆ

ಅಮೆರಿಕದ ಜಿಂಕೆ ಬೇಟೆ ಎಂದರೆ ಹಿಮ, ಉಸಿರಿನ ಹೊಗೆ, ದಪ್ಪ ಕೋಟು. ಸಿನಿಮಾ ನೋಡಿ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ನಾನು ನಾಲ್ಕು ವರ್ಷದಿಂದ ಪಿಎಚ್‌ಡಿ ಮಾಡುತ್ತಿರುವ ಜಾರ್ಜಿಯಾ ರಾಜ್ಯದಲ್ಲಿ ಬೇಟೆಯ ಋತು ಶುರುವಾಗುವುದು ಸೆಪ್ಟೆಂಬರಿನ ಎರಡನೆಯ ಶನಿವಾರ. ಆಗ ಬಿಲ್ಲು ಬಾಣಕ್ಕೆ ಮಾತ್ರ ಅನುಮತಿ, ಕೋವಿಯವರು ಅಕ್ಟೋಬರಿನವರೆಗೆ ಕಾಯಬೇಕು. ಆ ಶನಿವಾರ ಮಧ್ಯಾಹ್ನ ಉಷ್ಣಾಂಶ 33 ಡಿಗ್ರಿ ಇದ್ದರೂ ಯಾರಿಗೂ ಆಶ್ಚರ್ಯವಿಲ್ಲ. ಗಾಳಿಯಲ್ಲಿ ಹಿಂಡಿದರೆ ನೀರು ಬರುವಷ್ಟು ತೇವ. ಸೊಳ್ಳೆಗಳಿಗೆ ಅದು ಬೇಸಗೆಯೇ.

ನನಗೂ ಬೇಟೆಗೂ ಸಂಬಂಧ ಕೂಡಿಸಿದ್ದು ಸೋಯಾ ಗಿಡ. ನನ್ನ ಸಂಶೋಧನೆ ಇಲ್ಲಿನ ಕೆಂಪು ಮಣ್ಣಿನಲ್ಲಿ ರಂಜಕ ಹೇಗೆ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದರ ಬಗ್ಗೆ. ಅದಕ್ಕಾಗಿ ಸೋಯಾ ಬೆಳೆದಿದ್ದೆ. ಜಿಂಕೆಗಳು ರಾತ್ರಿ ಬಂದು ಸಾಲುಸಾಲಾಗಿ ಚಿಗುರು ಮೇಯ್ದು, ಒಂದು ಇಡೀ ವರ್ಷದ ಅಂಕಿಅಂಶವನ್ನು ಜೀರ್ಣಿಸಿಕೊಂಡವು. ಪಕ್ಕದ ಜಮೀನಿನ ಯಜಮಾನರು ಬೇಲಿಯಾಚೆ ನಿಂತು ಇದನ್ನು ನೋಡಿ ನಕ್ಕರು. ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು, ಅರವತ್ತೆಂಟು ವಯಸ್ಸು. "ಶನಿವಾರ ಬಾ, ನಿನ್ನ ಪ್ರಬಂಧ ತಿಂದವರನ್ನು ತೋರಿಸುತ್ತೇನೆ" ಅಂದರು.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಮನೆಯಲ್ಲಿ ಶಿಕಾರಿ ಎಂಬುದು ಕಥೆಯಾಗಿ ಮಾತ್ರ ಉಳಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ ಮುಂಚಿನ ಹರೆಯವನ್ನು ಅಜ್ಜ ಇನ್ನೂ ಹೇಳುತ್ತಾರೆ. ಹಣ್ಣಿಗೆ ಬರುವ ಪ್ರಾಣಿಯನ್ನು ಕಾಯುತ್ತಾ ಮರದ ಮೇಲೆ ಕೂರುವುದಕ್ಕೆ ನಮ್ಮಲ್ಲಿ ಮರಸು ಅನ್ನುತ್ತಾರೆ. ಹಳು ನುಗ್ಗಿ ಪ್ರಾಣಿಯನ್ನು ಓಡಿಸಿಕೊಂಡು ಬರುವ ಬೇಟೆಯಲ್ಲಿ ಕೋವಿಯವರು ಕಾಯುವ ಜಾಗಕ್ಕೆ ಹೆಸರು 'ಬಿಲ್ಲು'. ಬಿಲ್ಲು ಹೋಗಿ ಕೋವಿ ಬಂದರೂ ಮಾತು ಬದಲಾಗಲಿಲ್ಲ. ಹಾಗಾಗಿ ಯಜಮಾನರ ಓಕ್ ಮರಕ್ಕೆ ಒರಗಿಸಿದ್ದ, ಹದಿನೆಂಟು ಅಡಿ ಎತ್ತರದ, ಇಬ್ಬರು ಕೂರುವ ಕಬ್ಬಿಣದ ಅಟ್ಟಣೆ ನನಗೆ ಹೊಸದೆನಿಸಲಿಲ್ಲ. ಅದು ಮರಸೇ. ಎದೆಗೆ ಪಟ್ಟಿ ಬಿಗಿದು ಮರಕ್ಕೆ ಕಟ್ಟಿಕೊಳ್ಳಬೇಕು ಎನ್ನುವುದೊಂದು ಹೊಸ ಪದ್ಧತಿ.

ಅವರ ಕೈಯಲ್ಲಿದ್ದ ಬಿಲ್ಲು ಮಾತ್ರ ರಾಮಾಯಣದ ಚಿತ್ರಪಟದಲ್ಲಿ ಇರುವಂಥದ್ದಲ್ಲ. ಎರಡೂ ತುದಿಯಲ್ಲಿ ರಾಟೆಗಳಿರುವ ಈ ಕಾಂಪೌಂಡ್ ಬಿಲ್ಲಿಗೆ ಹಾಲ್ಲೆಸ್ ವಿಲ್ಬರ್ ಆಲೆನ್ ಎಂಬವರಿಗೆ 1969ರಲ್ಲಿ ಪೇಟೆಂಟ್ ಸಿಕ್ಕಿತು. ಹೆದೆಯನ್ನು ಪೂರ್ತಿ ಎಳೆದ ಮೇಲೆ ಕೈಗೆ ಬೀಳುವ ಭಾರ ರಾಟೆಗಳಿಂದಾಗಿ ಕಾಲುಭಾಗದಷ್ಟಕ್ಕೆ ಇಳಿಯುತ್ತದೆ. ಆದರೆ ಅಮೆರಿಕದ ಬಿಳಿಯರಿಗೆ ಬಿಲ್ಲುಬೇಟೆಯ ಹುಚ್ಚು ಹಿಡಿದದ್ದು ಅದಕ್ಕೂ ಹಿಂದೆ, ಒಬ್ಬ ಒಂಟಿ ಮನುಷ್ಯನಿಂದ. ಯಾಹಿ ಜನಾಂಗದಲ್ಲಿ ಕೊನೆಗೆ ಉಳಿದವನು 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿಗೆ ಹಸಿದು ಬಂದ. ಅವನು ತನ್ನ ಹೆಸರು ಹೇಳಲಿಲ್ಲ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಅವನನ್ನು ಇಶಿ ಎಂದು ಕರೆದರು, ಅವನ ಭಾಷೆಯಲ್ಲಿ ಹಾಗೆಂದರೆ ಮನುಷ್ಯ. ಲೇಖಕಿ ಉರ್ಸುಲಾ ಲೆ ಗ್ವಿನ್ ಇದೇ ಕ್ರೋಬರರ ಮಗಳು. ಇಶಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಕಲಿತು 1923ರಲ್ಲಿ ಪುಸ್ತಕ ಬರೆದರು. ಅಷ್ಟರಲ್ಲಿ ಇಶಿ ಕ್ಷಯದಿಂದ ತೀರಿಕೊಂಡು ಏಳು ವರ್ಷವಾಗಿತ್ತು. ಒಂದು ಜನಾಂಗವನ್ನು ಅಳಿಸಿದವರ ಮಕ್ಕಳಿಗೆ ಆ ಜನಾಂಗದ ಕೊನೆಯವನು ಗುರುವಾದ ಕಥೆ ಇದು. ಅಟ್ಟಣೆಯ ಮೇಲೆ ಮಾತಾಡುವಂತಿರಲಿಲ್ಲವಾದ್ದರಿಂದ ಇದನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕುತ್ತಾ ಕೂತಿದ್ದೆ.

ಸೆಕೆಯಲ್ಲಿ ಕಾಯುವುದು ಹೇಗಿರುತ್ತದೆ ಎಂದು ಕೇಳಿದರೆ, ಅದು ಮೂಗಿನ ಲೆಕ್ಕಾಚಾರ. ಜಿಂಕೆ ಲೋಕವನ್ನು ಅರಿಯುವುದು ವಾಸನೆಯಿಂದ. ನಮ್ಮ ಮೈಯಿಂದಲೋ ಬೆವರು ಇಳಿಯುತ್ತಲೇ ಇರುತ್ತದೆ. ಯಜಮಾನರು ಪರಿಮಳವಿಲ್ಲದ ಸೋಪಿನಲ್ಲಿ ಸ್ನಾನ ಮಾಡಿ, ಬೂಟನ್ನು ಕೈಯಲ್ಲಿ ಹಿಡಿದು ನಡೆದು, ಮರದ ಬುಡದಲ್ಲಿ ಹಾಕಿಕೊಂಡರು. ನೆಲ ಕಾದಾಗ ಗಾಳಿ ಮೇಲೇರುತ್ತದೆ, ಸಂಜೆ ತಂಪಾಗುತ್ತಿದ್ದಂತೆ ತಗ್ಗಿಗೆ ಇಳಿಯುತ್ತದೆ. ಅದಕ್ಕೇ ಅವರು ಹಳ್ಳದ ಕಡೆಗೆ ವಾಸನೆ ಇಳಿಯದ ಮರ ಆರಿಸಿದ್ದರು. ಜಿಂಕೆಗಳಿಗೂ ಸೆಕೆ ಕಷ್ಟವೇ. ಸೆಪ್ಟೆಂಬರಿಗೆ ಅವುಗಳ ಮೈಮೇಲೆ ಚಳಿಗಾಲದ ತುಪ್ಪಳ ಮೂಡುತ್ತಿರುತ್ತದೆ, ಹೊರಗಿನ ಬಿಸಿಲು ಮಾತ್ರ ಕಡಿಮೆಯಾಗಿರುವುದಿಲ್ಲ. ಹಗಲೆಲ್ಲ ನೆರಳಲ್ಲಿ ಮಲಗಿ, ಬೆಳಕು ಹೋಗುವ ಕೊನೆಯ ಅರ್ಧ ಗಂಟೆಯಲ್ಲಿ ಏಳುತ್ತವೆ.

ಸೊಳ್ಳೆಗಿಂತ ನನಗೆ ಹೆದರಿಕೆ ಇದ್ದದ್ದು ಉಣುಗಿನದು. ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಭಯದಲ್ಲೇ ಬೆಳೆದವರು ನಾವು. ಕಾಡಿಗೆ ಹೋಗುವ ಮುಂಚೆ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು ಗೊತ್ತು. ಇಲ್ಲಿನ ಲೋನ್ ಸ್ಟಾರ್ ಎಂಬ ಉಣುಗಿನದು ಬೇರೆಯೇ ಕಿತಾಪತಿ. ಅದು ಕಚ್ಚಿದ ಕೆಲವರಿಗೆ ಕೆಂಪು ಮಾಂಸವೇ ಒಗ್ಗದಂತಾಗುತ್ತದೆ, ತಿಂದ ಕೆಲವು ಗಂಟೆಗಳಲ್ಲಿ ಮೈಯೆಲ್ಲ ದದ್ದು, ಒಮ್ಮೊಮ್ಮೆ ಜೀವಕ್ಕೇ ಅಪಾಯ. ಬೇಟೆಗೆ ಹೋದವನು ಜೀವಮಾನಕ್ಕೆ ಸಸ್ಯಾಹಾರಿಯಾಗಿ ಮರಳಬಹುದು.

ಏಳೂ ಕಾಲಿಗೆ ಒಂದು ಹೆಣ್ಣು ಜಿಂಕೆ ಬಂತು. ಯಜಮಾನರು ಬಿಲ್ಲನ್ನು ತಕ್ಷಣ ಎತ್ತಲಿಲ್ಲ. ಹಿಂದೆ ಮರಿ ಇದೆಯೇ ಎಂದು ಹತ್ತು ನಿಮಿಷ ನೋಡಿದರು. ಇರಲಿಲ್ಲ. ಇಪ್ಪತ್ತೈದು ಗಜ ದೂರದಲ್ಲಿ ಅದು ಅಡ್ಡಕ್ಕೆ ತಿರುಗಿ ನಿಂತಾಗ ಬಾಣ ಹೋಯಿತು. ಬಾಣದ ವೇಗ ಸೆಕೆಂಡಿಗೆ 80–90 ಮೀಟರ್, ಶಬ್ದದ್ದು 340. ಎಂದರೆ ಬಾಣ ಮುಟ್ಟುವ ಮೊದಲೇ ಹೆದೆಯ ಟಂಕಾರ ಜಿಂಕೆಯ ಕಿವಿಗೆ ಬಿದ್ದಿರುತ್ತದೆ. ಅದು ಬೆಚ್ಚಿ ಮೈ ಮಡಚಿತು. ಬಾಣ ಗುರಿಗಿಂತ ನಾಲ್ಕು ಬೆರಳು ಹಿಂದೆ ನಾಟಿ ಆಚೆ ಹೋಯಿತು. ಜಿಂಕೆ ಬೆನ್ನು ಗೂನು ಮಾಡಿ ಓಡಿ, ಹಸಿರಿನಲ್ಲಿ ಮರೆಯಾಯಿತು.

ಇಳಿದು ಹೋಗಿ ಬಾಣ ಎತ್ತಿಕೊಂಡೆವು. ಅವರು ಅದನ್ನು ಟಾರ್ಚಿನ ಬೆಳಕಿಗೆ ಹಿಡಿದು ಮೂಸಿದರು. ನೊರೆಯಿರುವ ತಿಳಿಗೆಂಪು ರಕ್ತವಾದರೆ ಶ್ವಾಸಕೋಶ, ಅರ್ಧ ಗಂಟೆ ಸಾಕು. ಹಸಿರು ಕಸರು, ಕೆಟ್ಟ ವಾಸನೆ ಇದ್ದರೆ ಹೊಟ್ಟೆ, ರಾತ್ರಿಯಿಡೀ ಬಿಡಬೇಕು. ಈ ರಕ್ತ ಗಾಢವಾಗಿತ್ತು, ವಾಸನೆ ಇರಲಿಲ್ಲ. "ಲಿವರ್," ಅಂದರು. "ನಾಲ್ಕು ಗಂಟೆ."

ಬಿಲ್ಲುಬೇಟೆಯ ತಿರುಳು ನನಗೆ ಹೊಳೆದದ್ದು ಅಲ್ಲಿ. ಬಾಣ ಗುಂಡಿನಂತೆ ಜಜ್ಜುವುದಿಲ್ಲ, ಕುಯ್ಯುತ್ತದೆ. ಪ್ರಾಣಿ ಸಾಯುವುದು ರಕ್ತ ಹರಿದು. ಪೆಟ್ಟು ತಿಂದ ಜಿಂಕೆ ಹಿಂದೆ ಯಾರೂ ಬರದಿದ್ದರೆ ಹತ್ತಿರದಲ್ಲೇ ಮಲಗುತ್ತದೆ, ಮಲಗಿದಲ್ಲೇ ಮುಗಿಯುತ್ತದೆ. ಬೆನ್ನು ಹತ್ತಿದರೆ ಎದ್ದು ಮೈಲಿಗಟ್ಟಲೆ ಹೋಗಿ, ಎಲ್ಲೋ ಯಾರಿಗೂ ಸಿಗದೆ, ನರಳಿ ಸಾಯುತ್ತದೆ. ಹಾಗಾಗಿ ಬಾಣ ಹೇಳುತ್ತದೆ: ಕಾಯಿ. ಆದರೆ ಸೆಕೆ ಹೇಳುತ್ತದೆ: ಓಡು. ಕತ್ತಲಾದ ಮೇಲೂ 25 ಡಿಗ್ರಿ ಇತ್ತು. ಸತ್ತ ಪ್ರಾಣಿಯ ಒಳಗಿನ ಬಿಸಿ ಆರುವುದಿಲ್ಲ, ಮಾಂಸ ಹುಳಿಯತೊಡಗುತ್ತದೆ, ಕಾಯೋಟಿಗಳು ವಾಸನೆ ಹಿಡಿಯುತ್ತವೆ. ಡಿಸೆಂಬರಿನಲ್ಲಾದರೆ ಬೆಳಗಿನವರೆಗೆ ಬಿಟ್ಟರೂ ನಡೆಯುತ್ತದೆ. ಸೆಪ್ಟೆಂಬರಿನಲ್ಲಿ ಕಾದರೆ ಮಾಂಸ ಹಾಳಾಗಬಹುದು, ಕಾಯದಿದ್ದರೆ ಜಿಂಕೆಯೇ ಕಳೆಯಬಹುದು. ಎರಡರಲ್ಲಿ ಯಾವುದಾದರೂ ಒಂದು ಜೀವ ವ್ಯರ್ಥವಾಯಿತೆಂದೇ ಅರ್ಥ.

ಅವರು ಪೆಟ್ರೋಲ್ ಬಂಕಿಗೆ ಹೋಗಿ ನಾಲ್ಕು ಚೀಲ ಐಸು ತಂದರು. ಆಮೇಲೆ ಟ್ರಕ್ಕಿನ ಹಿಂಬದಿಯಲ್ಲಿ ಕೂತೆವು. ನಾನು ಅವರಿಗೆ ಪಾಂಡುರಾಜನ ಕಥೆ ಹೇಳಿದೆ, ಜಿಂಕೆಯ ರೂಪದಲ್ಲಿ ಕೂಡಿದ್ದ ಋಷಿ ದಂಪತಿಗೆ ಬಾಣ ಬಿಟ್ಟು ಶಾಪ ಹೊತ್ತವನದು. ದಶರಥನ ಕಥೆಯನ್ನೂ ಹೇಳಿದೆ. ಕೊಡಕ್ಕೆ ನೀರು ತುಂಬುವ ಸದ್ದನ್ನು ಆನೆಯದೆಂದು ತಿಳಿದು, ಕಣ್ಣಿಗೆ ಕಾಣದ್ದಕ್ಕೆ ಬಾಣ ಬಿಟ್ಟವನದು. ಅವರು ತಲೆ ಅಲ್ಲಾಡಿಸಿದರು. "ಸದ್ದಿಗೆ ಹೊಡೆಯಬೇಡ ಅನ್ನುವುದು ನಮ್ಮ ಬೇಟೆ ತರಗತಿಯ ಮೊದಲ ಪಾಠ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಅರಸರಿಗೆ ಜಿಂಕೆ ಹುಡುಕುವ ಕೆಲಸ ಇರಲಿಲ್ಲ ಅಲ್ಲವಾ?" ಎಂದು ಕೇಳಿದರು.

ಇರಲಿಲ್ಲ. ನಮ್ಮ ಕಥೆಗಳಲ್ಲಿ ಬಾಣ ನಾಟಿದ ಕ್ಷಣವೇ ಕೊನೆ, ಆಮೇಲೆ ಬರುವುದು ಶಾಪ. ಸಾಯುತ್ತಿರುವ ಪ್ರಾಣಿಗೂ ಹೊಡೆದವನಿಗೂ ನಡುವಿನ ಗಂಟೆಗಳನ್ನು ಯಾರೂ ಹೇಳುವುದಿಲ್ಲ. ಆ ಗಂಟೆಗಳಲ್ಲಿ ಹೊಡೆದವನು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಹತ್ತಿರ ಹೋಗದಿರುವುದು. ಸುಮ್ಮನೆ ಕೂರುವುದು ಇಷ್ಟು ಭಾರದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಯಜಮಾನರು ಗಡಿಯಾರ ನೋಡುತ್ತಿದ್ದರು, ಮೈ ಕೆರೆದುಕೊಳ್ಳುತ್ತಿದ್ದರು, ಮತ್ತೆ ಗಡಿಯಾರ ನೋಡುತ್ತಿದ್ದರು. ಐವತ್ತು ವರ್ಷದಿಂದ ಬೇಟೆಯಾಡುತ್ತಿರುವ ಮನುಷ್ಯನ ಮುಖದಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಕಳವಳವಿತ್ತು.

ಹನ್ನೊಂದೂವರೆಗೆ ಹೊರಟೆವು. ಎಲೆಯ ಮೇಲಿನ ಒಣಗಿದ ಕಲೆ, ಹುಲ್ಲಿನ ಕಡ್ಡಿಗೆ ಮೊಣಕಾಲೆತ್ತರದಲ್ಲಿ ತಗುಲಿದ ಗೆರೆ. ಒಂದೊಂದು ಹನಿಯ ಹತ್ತಿರವೂ ಅವರು ಕಾಗದದ ಚೂರು ಇಟ್ಟು ಮುಂದೆ ಹೋಗುತ್ತಿದ್ದರು, ಜಾಡು ತಪ್ಪಿದರೆ ಹಿಂದಿರುಗಿ ನೋಡಲು. ನೂರಿಪ್ಪತ್ತು ಹೆಜ್ಜೆಯಲ್ಲಿ ಜಾಡು ನಿಂತಿತು. ಅವರು ಹಳ್ಳದ ಕಡೆ ಟಾರ್ಚು ಬಿಟ್ಟರು. ಜಿಂಕೆ ನೀರಿನಂಚಿನ ತಂಪು ಮರಳಿನಲ್ಲಿ, ಮಲಗಿದ ಭಂಗಿಯಲ್ಲೇ ಇತ್ತು. ಎದ್ದು ಒದ್ದಾಡಿದ ಗುರುತಿರಲಿಲ್ಲ. ಅವರು ಟೋಪಿ ತೆಗೆದರು. ಮರುಕ್ಷಣ ಚಾಕು ಕೈಯಲ್ಲಿತ್ತು, ಇನ್ನು ಒಂದು ನಿಮಿಷವೂ ಕಳೆಯುವಂತಿರಲಿಲ್ಲ. ಒಳಗಿನದೆಲ್ಲ ತೆಗೆದು ಐಸು ತುಂಬಿದೆವು. ಫೋನಿನಲ್ಲೇ ಸರ್ಕಾರಕ್ಕೆ ವರದಿಯೂ ಹೋಯಿತು, ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸಬೇಕೆಂಬುದು ಕಾನೂನು. ಚರ್ಮ ಸುಲಿದು ತಂಪು ಪೆಟ್ಟಿಗೆಗೆ ಇಳಿಸುವಾಗ ಎರಡು ಗಂಟೆ. ಮಾಂಸ ಕೆಟ್ಟಿರಲಿಲ್ಲ.

ಇದರಿಂದ ನನಗೆ ಬೇಟೆ ಸರಿ ಎನಿಸಿತೇ? ಈ ರಾಜ್ಯದಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಜಿಂಕೆ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಬೇರೆಡೆಯಿಂದ ತಂದು ಬಿಟ್ಟು, ಕಾವಲು ಹಾಕಿ ಬೆಳೆಸಿದರು. ಈಗ ಒಬ್ಬರಿಗೆ ಒಂದು ಋತುವಿಗೆ 12 ಜಿಂಕೆಯವರೆಗೆ ಅನುಮತಿ. 1937ರ ಕಾನೂನಿನಂತೆ ಬಂದೂಕು, ಮದ್ದುಗುಂಡಿನ ಮೇಲೆ ಹಾಕಿದ ತೆರಿಗೆ ವನ್ಯಜೀವಿ ರಕ್ಷಣೆಗೆ ಹೋಗುತ್ತದೆ, ಮುಂದೆ ಬಿಲ್ಲು ಬಾಣವೂ ಅದರಲ್ಲಿ ಸೇರಿತು. ನಮ್ಮ ಕಾಡಿಗೆ ಈ ಲೆಕ್ಕ ಹೊಂದುವುದಿಲ್ಲ, ನಮ್ಮ ಕಾಯ್ದೆ ನಮಗೆ ಬೇಕೇಬೇಕು. ನಾನು ಬಿಲ್ಲು ಹಿಡಿಯುವವನೂ ಅಲ್ಲ. ಆದರೆ ಅಂಗಡಿಯಲ್ಲಿ ಕೋಳಿ ಕೊಳ್ಳುವಾಗ ನಾನು ಯಾವತ್ತೂ ನಾಲ್ಕು ಗಂಟೆ ಕಾದಿಲ್ಲ. ಕೊಂದದ್ದಕ್ಕೆ ಉತ್ತರ ಹೇಳುವುದೆಂದರೆ ಏನು ಎಂಬುದನ್ನು ತತ್ವವಾಗಿ ಅಲ್ಲ, ಗಡಿಯಾರದ ಮುಳ್ಳಾಗಿ ನೋಡಿದ್ದು ಅಂದೇ.

ಮರುದಿನ ಅಜ್ಜನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬಿಲ್ಲಿನ ರಾಟೆಯ ಬಗ್ಗೆ, ಅಟ್ಟಣೆಯ ಬಗ್ಗೆ ಅವರಿಗೆ ಹೆಚ್ಚು ಕುತೂಹಲವಿರಲಿಲ್ಲ.

"ಕಾದ್ರಾ?" ಅಂತ ಕೇಳಿದರು.

"ನಾಲ್ಕು ಗಂಟೆ, ಅಜ್ಜ."

"ಹ್ಞೂಂ. ಪಾಲು ಎಷ್ಟು ಹಾಕಿದ್ರಾ?"

ಅವರ ಕಾಲದಲ್ಲಿ ಹೊಡೆದವನಿಗೆ, ಹಳು ನುಗ್ಗಿದವರಿಗೆ, ಕೋವಿಗೆ, ಕೊನೆಗೆ ನಾಯಿಗೂ ಪಾಲಿತ್ತು. ನಾನು ಎಣಿಸಿ ಹೇಳಿದೆ: ಯಜಮಾನರ ಮನೆಗೆ, ಅವರ ಮಗಳ ಮನೆಗೆ, ರಸ್ತೆಯಾಚೆಯ ವಿಧವೆಯೊಬ್ಬರಿಗೆ, ಟಾರ್ಚು ಹಿಡಿದ ನನಗೆ.

"ನಾಲ್ಕು," ಅಂದರು ಅಜ್ಜ. "ಸೋಯಾ ಬೆಳೆದವನು ಅಂತ ನಿಂಗೆ ಇನ್ನೊಂದು ಪಾಲು ಬರಬೇಕಿತ್ತಲ್ಲೋ."