ನಾಲ್ಕು ಟವೆಲು, ಎರಡು ಚಮಚ

ಹುಡುಗಿಯರ ವಸತಿಶಾಲೆಗಳಲ್ಲಿ ದೊಡ್ಡವೂ ಇವೆ, ಚಿಕ್ಕವೂ ಇವೆ. ನಾನು ಓದಿ ಬಲ್ಲವುಗಳಲ್ಲೆಲ್ಲ ತೀರ ಚಿಕ್ಕದು ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹಾವರ್ತ್ ಎಂಬ ಊರಿನದು. ಪಾಠ ಹೇಳಲು ಅಲ್ಲಿ ಅಕ್ಕತಂಗಿಯರು ಸಿದ್ಧರಾಗಿದ್ದರು. ಕೇಳಲು ಮಾತ್ರ ಒಬ್ಬ ಹುಡುಗಿಯೂ ಬರಲಿಲ್ಲ. 1844ರಲ್ಲಿ ಅಚ್ಚಾದ ಒಂದು ಹಾಳೆಯ ಪ್ರಕಟಣೆ; ಆ ಶಾಲೆಯ ಹುಟ್ಟು, ಬಾಳು, ಚರಿತ್ರೆ ಎಲ್ಲವೂ ಅಷ್ಟೇ. ಆ ಅಕ್ಕತಂಗಿಯರು ಊರ ಪಾದ್ರಿಯ ಮಕ್ಕಳಾದ ಬ್ರಾಂಟೆ ಸೋದರಿಯರು.

ಆ ಹಾಳೆಯನ್ನು ಓದುವುದೇ ಒಂದು ಸಂತೋಷ. ಊಟ, ವಸತಿ, ವಿದ್ಯೆ ಸೇರಿ ವರ್ಷಕ್ಕೆ 35 ಪೌಂಡು. ಫ್ರೆಂಚ್, ಜರ್ಮನ್, ಲ್ಯಾಟಿನ್ ಬೇಕಾದವರು ಒಂದೊಂದಕ್ಕೂ ಮೂರು ತಿಂಗಳಿಗೆ ಒಂದು ಪೌಂಡು ಒಂದು ಷಿಲಿಂಗ್ ಬೇರೆ ತೆರಬೇಕು. ಸಂಗೀತಕ್ಕೂ ಚಿತ್ರಕಲೆಗೂ ಅದೇ ದರ. ಮೂರು ತಿಂಗಳು ಪಿಯಾನೊ ಮುಟ್ಟಿದ್ದಕ್ಕೆ 5 ಷಿಲಿಂಗ್. ಅಷ್ಟೇ ಕಾಲ ಬಟ್ಟೆ ಒಗೆಸಿದ್ದಕ್ಕೆ 15 ಷಿಲಿಂಗ್. ಸಂಗೀತದ ವಾದ್ಯಕ್ಕಿಂತ ಒಗೆತ ಮೂರು ಪಾಲು ದುಬಾರಿ ಎಂದು ಕಂಡುಕೊಂಡವರು ಮನೆ ನಡೆಸಿ ಬಲ್ಲ ಹೆಂಗಸರೇ ಇರಬೇಕು! ಕಡೆಯಲ್ಲಿ ಒಂದು ಸೂಚನೆ: ಪ್ರತಿಯೊಬ್ಬ ಹುಡುಗಿಯೂ ಒಂದು ಜೊತೆ ಹಾಸುಬಟ್ಟೆ, ದಿಂಬಿನ ಚೀಲ, ನಾಲ್ಕು ಟವೆಲು, ಊಟದ ಕೊನೆಯ ಸಿಹಿಗೊಂದು, ಚಹಾಕ್ಕೊಂದು ಚಮಚ ತರತಕ್ಕದ್ದು.

ಇಂಥ ಪಟ್ಟಿಗಳ ಮೇಲೆ ನನಗೆ ವಿಶೇಷ ಮಮತೆ. ನಾನೂ ವಸತಿಶಾಲೆಯಲ್ಲಿ ಓದಿದವಳು. ಮಲೆನಾಡಿನ ಒಂದು ಊರಿನಲ್ಲಿ, ಹೆಂಚಿನ ಮಾಡಿನ ಮನೆಯೊಂದರಲ್ಲಿ ಮೂವತ್ತೆರಡು ಹುಡುಗಿಯರು. ಬೀಗದ ಸಹಿತ ಒಂದು ಟ್ರಂಕು, ಒಂದು ಜಮಖಾನ, ಎರಡು ಹೊದಿಕೆ, ಒಂದು ಬಕೀಟು, ಒಂದು ಚೊಂಬು, ತಟ್ಟೆ, ಲೋಟ ಎಂಬ ಪಟ್ಟಿ ಮನೆಗೆ ಬಂದಿತ್ತು. ತಟ್ಟೆ ಅದಲುಬದಲಾಗದಿರಲೆಂದು ನಮ್ಮಮ್ಮ ಪಾತ್ರೆಯಂಗಡಿಯಲ್ಲಿ ಅದರ ಅಂಚಿಗೆ ನನ್ನ ಹೆಸರು ಕೊರೆಸಿದ್ದರು. ಹೀಗೆ ಜೀವನದಲ್ಲಿ ಮೊದಲ ಸಲ ನನ್ನ ಹೆಸರು ಶಾಶ್ವತವಾದದ್ದು ಒಂದು ಸ್ಟೀಲ್ ತಟ್ಟೆಯ ಮೇಲೆ.

ಈಗ ಇನ್ನೊಂದು ಪಟ್ಟಿ ನಮ್ಮ ಮನೆಯ ಮೇಜಿನ ಮೇಲಿದೆ. ನನ್ನ ಮಗಳು ಏಳನೆಯ ತರಗತಿ ಮುಗಿಸಿದ್ದಾಳೆ. ಎಂಟರಿಂದ ಒಂದು ಚಿಕ್ಕ ವಸತಿಶಾಲೆಗೆ ಹೋಗುತ್ತೇನೆಂದು ಅವಳೇ ಹಟ ಹಿಡಿದಿದ್ದಾಳೆ. ಮನೆಯವರು, "ನೀನು ಓದಿ ಬರಲಿಲ್ಲವೆ? ಏನಾಯಿತು?" ಎನ್ನುತ್ತಾರೆ. ನಮ್ಮತ್ತೆಯವರದು ಬೇರೆಯೇ ವಾದ: "ಹೆಣ್ಣುಮಗು; ಒಂದು ದಿನ ಮನೆ ಬಿಟ್ಟು ಹೋಗುವುದು ಇದ್ದೇ ಇದೆ. ಅದಕ್ಕೆ ಈಗಲಿಂದಲೇ ಅಭ್ಯಾಸವೇಕೆ?" ಎರಡು ಮಾತಿಗೂ ನನ್ನಲ್ಲಿ ಉತ್ತರವಿರಲಿಲ್ಲ. ಮನೆಯ ಪ್ರಶ್ನೆಯನ್ನು ಪುಸ್ತಕದ ಬೀರುವಿಗೆ ಒಯ್ಯುವುದು ಅಧ್ಯಾಪಕರ ಚಾಳಿಯಲ್ಲವೆ? ನಾನೂ ಹಾಗೆಯೇ ಮಾಡಿದೆ. ಹುಡುಗಿಯರ ವಸತಿಶಾಲೆಯ ಒಳಿತು ಕೆಡುಕುಗಳೆರಡನ್ನೂ ಬ್ರಾಂಟೆಯವರಷ್ಟು ಉಂಡವರು ಸಾಹಿತ್ಯದಲ್ಲಿ ವಿರಳ.

ಕೆಡುಕು ಮೊದಲು ಬಂತು. ತಾಯಿ 1821ರಲ್ಲೇ ತೀರಿಕೊಂಡಿದ್ದಳು. ಮನೆಯಲ್ಲಿ ಆರು ಮಕ್ಕಳು. ತಂದೆ ಪ್ಯಾಟ್ರಿಕ್‌ಗೆ ಬರುತ್ತಿದ್ದ ವರಮಾನ ಅಷ್ಟಕ್ಕಷ್ಟೆ. 1824ರಲ್ಲಿ ಕೋವನ್ ಬ್ರಿಜ್ ಎಂಬಲ್ಲಿ ಬಡ ಪಾದ್ರಿಗಳ ಹೆಣ್ಣುಮಕ್ಕಳಿಗಾಗಿಯೇ ಒಂದು ಶಾಲೆ ತೆರೆಯಿತು. ದಾನಿಗಳ ಸಹಾಯವಿದ್ದುದರಿಂದ ವರ್ಷಕ್ಕೆ 14 ಪೌಂಡು ಕೊಟ್ಟರೆ ಸಾಕಾಗಿತ್ತು. ಯಾವ ತಂದೆ ತಾನೆ ಒಲ್ಲೆನೆಂದಾನು? ಆ ವರ್ಷವೇ ಮರಿಯ, ಎಲಿಜಬೆತ್, ಶಾರ್ಲಟ್, ಎಮಿಲಿ ನಾಲ್ವರೂ ಒಬ್ಬರ ಹಿಂದೊಬ್ಬರಂತೆ ಅಲ್ಲಿ ಸೇರಿದರು. ಎಮಿಲಿಗೆ ಆಗ ಆರು ವರ್ಷ.

ಆ ಶಾಲೆಯಲ್ಲಿ ಗಂಜಿ ಸೀದುಹೋಗುತ್ತಿತ್ತು. ಭಾನುವಾರ ಎರಡು ಮೈಲಿಗೂ ಹೆಚ್ಚು ದೂರದ ಚರ್ಚಿಗೆ ಚಳಿಯಲ್ಲಿ ನಡೆದು, ತಣ್ಣಗಿನ ಬುತ್ತಿ ತಿಂದು, ಒದ್ದೆ ಕಾಲಿನಲ್ಲೇ ಎರಡನೆಯ ಪ್ರಾರ್ಥನೆಗೆ ಕೂಡಬೇಕಾಗಿತ್ತು. 1825ರಲ್ಲಿ ಜ್ವರ ಹಬ್ಬಿದಾಗ ಬಂದ ವೈದ್ಯರು ಅಡಿಗೆಯ ರುಚಿ ನೋಡಿ ಉಗುಳಿದರೆಂದು ಶ್ರೀಮತಿ ಗ್ಯಾಸ್ಕೆಲ್ ಶಾರ್ಲಟ್‌ಳ ಜೀವನಚರಿತ್ರೆಯಲ್ಲಿ ಬರೆದಿದ್ದಾರೆ. ಮರಿಯಳಿಗೆ ಕ್ಷಯ ತಗುಲಿತು. ಫೆಬ್ರವರಿಯಲ್ಲಿ ಅವಳನ್ನು ಮನೆಗೆ ಕರೆದೊಯ್ದರು. ಮೇ ತಿಂಗಳಲ್ಲಿ ಹೋದಳು. ಜೂನಿನಲ್ಲಿ ಎಲಿಜಬೆತ್ ಹೋದಳು. ಹನ್ನೊಂದು ವರ್ಷ ಒಬ್ಬಳಿಗೆ, ಹತ್ತು ವರ್ಷ ಇನ್ನೊಬ್ಬಳಿಗೆ. ಉಳಿದಿಬ್ಬರನ್ನು ತಂದೆ ಮನೆಗೆ ಕರೆತಂದ. 'ಜೇನ್ ಏರ್' ಕಾದಂಬರಿಯ ಲೋವುಡ್ ಶಾಲೆ ಹುಟ್ಟಿದ್ದು ಇಲ್ಲಿ. ಅದರಲ್ಲಿ ಸಾಯುವ ಹೆಲೆನ್ ಬರ್ನ್ಸ್ ಈ ಮರಿಯಳೇ.

1857ರಲ್ಲಿ ಗ್ಯಾಸ್ಕೆಲ್ಲರ ಪುಸ್ತಕ ಹೊರಬಂದಾಗ ಶಾಲೆಯ ಪಕ್ಷ ವಹಿಸಿದವರು ಪತ್ರಿಕೆಗಳಲ್ಲಿ ವಾದಕ್ಕೆ ನಿಂತರು. ಅದನ್ನು ಕಟ್ಟಿದ ಪಾದ್ರಿ ಕೆಟ್ಟವನಲ್ಲವೆಂದರು. ಇರಬಹುದು. ಅವನ ಉದ್ದೇಶ ಒಳ್ಳೆಯದೇ ಆಗಿತ್ತು, ನಿಯಮಗಳೂ ಅಚ್ಚುಕಟ್ಟಾಗಿದ್ದವು. ಆದರೆ ಸುಮಾರು ಐವತ್ತು ಹುಡುಗಿಯರಲ್ಲಿ ಒಬ್ಬಳು ಕೆಮ್ಮುತ್ತಿದ್ದಾಳೆ, ತಟ್ಟೆಯಲ್ಲಿ ಗಂಜಿ ಹಾಗೆಯೇ ಉಳಿದಿದೆ ಎಂಬುದನ್ನು ನೋಡುವ ಕಣ್ಣು ಒಂದು ಬೇಕಾಗಿತ್ತು. ಅದು ಯಾವ ನಿಯಮದಲ್ಲೂ ಬರೆದಿರುವುದಿಲ್ಲ.

ಆರು ವರ್ಷದ ಮೇಲೆ, 1831ರ ಜನವರಿಯಲ್ಲಿ, ಶಾರ್ಲಟ್ ಮತ್ತೆ ವಸತಿಶಾಲೆಗೆ ಹೋದಳು. ಹೋದದ್ದು ಮಿರ್ಫೀಲ್ಡಿನ ಬಳಿಯ ರೋ ಹೆಡ್ ಎಂಬ ಮನೆಗೆ. ಮನೆಯೆಂದೇ ಹೇಳಬೇಕು, ಮಿಸ್ ವೂಲರ್ ಮತ್ತು ಅವರ ತಂಗಿಯರು ಅದನ್ನು ನಡೆಸುತ್ತಿದ್ದರು. ಹುಡುಗಿಯರು ಏಳರಿಂದ ಹತ್ತು, ಅಷ್ಟೆ. ಆ ಚಳಿಗಾಲದಲ್ಲಿ ಎಲೆನ್ ನಸ್ಸಿ ಎಂಬ ಹೊಸ ಹುಡುಗಿ ಒಳಗೆ ಬಂದಾಗ ಉಳಿದವರೆಲ್ಲ ಹೊರಗೆ ಹಿಮದಲ್ಲಿ ಆಡುತ್ತಿದ್ದರಂತೆ. ಕಿಟಕಿಯ ಹತ್ತಿರ ಪುಟ್ಟ ಆಕೃತಿಯೊಂದು ಒಂಟಿಯಾಗಿ ಅಳುತ್ತಿತ್ತು. ಎಲೆನ್ ಹತ್ತಿರ ಹೋದಳು. ಇಬ್ಬರಿಗೂ ಮನೆಯ ನೆನಪು. ಹೆಚ್ಚು ಮಾತಿಲ್ಲದೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು.

ಅಲ್ಲಿಯೇ ಮೇರಿ ಟೇಲರ್ ಎಂಬ ಇನ್ನೊಬ್ಬಳು ಶಾರ್ಲಟ್‌ಳ ಮುಖಕ್ಕೇ, "ನೀನು ನೋಡಲು ಬಲು ಕುರೂಪಿ" ಎಂಬರ್ಥದ ಮಾತು ಆಡಿದ್ದೂ ಉಂಟು. ಜೀವದ ಗೆಳತಿಯರಾಗುವುದಕ್ಕೆ ಅದೂ ಅಡ್ಡಿಯಾಗಲಿಲ್ಲ! ಸಂಜೆ ಊಟವಾದ ಮೇಲೆ ಮಿಸ್ ವೂಲರ್ ಹುಡುಗಿಯರನ್ನು ಕೂಡಿಕೊಂಡು ಕೋಣೆಯ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತಿದ್ದರು, ಮಾತಾಡುತ್ತಿದ್ದರು. ರಾತ್ರಿ ಹಾಸಿಗೆಗಳ ನಡುವೆ ಶಾರ್ಲಟ್ ಭಯದ ಕಥೆ ಹೇಳಿ ಒಬ್ಬಳಿಗೆ ಮೈನಡುಕವೇ ಬಂತಂತೆ. ಇದಿಷ್ಟನ್ನೂ ಓದುವಾಗ ನನಗೆ ನನ್ನ ಮೊದಲ ರಾತ್ರಿಯ ನೆನಪಾಗದಿರಲಿಲ್ಲ. ಮುಸುಕಿನೊಳಗೆ ಅಳುತ್ತಿದ್ದೆ. ಪಕ್ಕದ ಹಾಸಿಗೆಯವಳು ಏಕೆಂದು ಕೇಳಲಿಲ್ಲ. ಡಬ್ಬಿ ತೆಗೆದು ಕತ್ತಲಲ್ಲೇ ಒಂದು ಕೋಡುಬಳೆ ಕೈಗಿಟ್ಟಳು. ಕೋಡುಬಳೆಯನ್ನು ಸದ್ದಿಲ್ಲದೆ ತಿನ್ನುವ ವಿದ್ಯೆಯನ್ನು ಈವರೆಗೆ ಯಾರೂ ಕಂಡುಹಿಡಿದಿಲ್ಲ. ನಾನು ಕಡಿದೆ, ಅವಳೂ ಕಡಿದಳು, ಇಬ್ಬರಿಗೂ ನಗು ತಡೆಯಲಿಲ್ಲ. ಟಾರ್ಚ್ ಹಿಡಿದು ಮೇಲ್ವಿಚಾರಕಿ ಬಂದರು. ಕ್ಷಣಕಾಲ ನಿಂತು, "ನೀರು ಕುಡಿದು ಮಲಗಿ" ಎಂದಷ್ಟೇ ಹೇಳಿ ಹೋದರು. ಆ ಶಾಲೆಯಲ್ಲಿ ಕಲಿತ ಬೀಜಗಣಿತ ಮರೆತುಹೋಗಿದೆ. ಅವರಿಬ್ಬರನ್ನು ಮರೆತಿಲ್ಲ.

ಆದರೆ ಶಾಲೆ ಒಳ್ಳೆಯದಾದರೆ ಸಾಕೆ? ಇಲ್ಲಿ ಎಮಿಲಿಯ ಪ್ರಸಂಗ ಅಡ್ಡ ಬರುತ್ತದೆ. 1835ರಲ್ಲಿ ಶಾರ್ಲಟ್ ಅದೇ ರೋ ಹೆಡ್‌ಗೆ ಉಪಾಧ್ಯಾಯಿನಿಯಾಗಿ ಹೋದಾಗ ತಂಗಿ ಎಮಿಲಿಯನ್ನೂ ವಿದ್ಯಾರ್ಥಿನಿಯಾಗಿ ಕರೆದುಕೊಂಡು ಹೋದಳು. ಅದೇ ಮಿಸ್ ವೂಲರ್, ಅದೇ ಹಾಲು ಬ್ರೆಡ್ಡು, ಅದೇ ಸಂಜೆಯ ನಡಿಗೆ. ಎಮಿಲಿ ಮಾತ್ರ ಒಣಗತೊಡಗಿದಳು. ಗಂಟೆಗಂಟೆಗೂ ಇಂಥ ಕೆಲಸವೆಂಬ ಕಟ್ಟು ಅವಳಿಗೆ ಹಿಡಿಸಲಿಲ್ಲ. ಬೆಳಿಗ್ಗೆ ಕಣ್ಣು ತೆರೆದರೆ ಹಾವರ್ತಿನ ಬಯಲುಬೆಟ್ಟಗಳೇ ಕಾಣುತ್ತಿದ್ದವು. ಈಕೆ ಮನೆಗೆ ಹೋಗದಿದ್ದರೆ ಉಳಿಯಲಾರಳು ಎಂದು ಕಂಡುಕೊಂಡವಳು ಶಾರ್ಲಟ್. ಇಬ್ಬರು ಅಕ್ಕಂದಿರನ್ನು ಕಳೆದುಕೊಂಡಿದ್ದ ಅವಳು ಕಾಯುತ್ತ ಕೂಡಲಿಲ್ಲ. ಮೂರು ತಿಂಗಳೊಳಗೆ ಎಮಿಲಿ ಮನೆಯಲ್ಲಿದ್ದಳು; ಅವಳ ಜಾಗಕ್ಕೆ ಆನ್ ಬಂದಳು, ಎರಡು ವರ್ಷ ಇದ್ದು ಓದಿದಳು. ಒಂದೇ ಬಸಿರು, ಒಂದೇ ಶಾಲೆ. ಒಬ್ಬಳಿಗೆ ಗೆಳತಿಯರು ದೊರೆತರು, ಒಬ್ಬಳು ಹೇಗೋ ಹೊಂದಿಕೊಂಡಳು, ಒಬ್ಬಳು ಹಿಂದಿರುಗಿದಳು. ಹಿಂದಿರುಗಿದವಳೇ ಮುಂದೆ 'ವದರಿಂಗ್ ಹೈಟ್ಸ್' ಬರೆದವಳು.

ಉಪಾಧ್ಯಾಯಿನಿಯಾದ ಶಾರ್ಲಟ್‌ಳಿಗೆ ಆ ಕೆಲಸ ಪ್ರಿಯವಾಗಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಮನಸ್ಸು ಕಥೆಯೊಂದರಲ್ಲಿ ತೇಲುತ್ತಿರುವಾಗ ವ್ಯಾಕರಣದ ತಪ್ಪು ಹಿಡಿದುಕೊಂಡು ಬಂದ ಹುಡುಗಿಯರನ್ನು ಕುರಿತು ತನ್ನ ದಿನಚರಿಯಲ್ಲಿ ಅವಳು ಉಪಯೋಗಿಸಿರುವ ವಿಶೇಷಣಗಳು ಸೌಮ್ಯವಾದವಲ್ಲ. ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕುಳಿತ ಯಾವ ಅಧ್ಯಾಪಕರೂ ಅವಳನ್ನು ಕ್ಷಮಿಸಿಯಾರು. ಆದರೂ 1842ರಲ್ಲಿ ದೊಡ್ಡಮ್ಮನ ಹಣ ಪಡೆದು ಅವಳೂ ಎಮಿಲಿಯೂ ಬ್ರಸೆಲ್ಸಿಗೆ ಹೋಗಿ ಫ್ರೆಂಚು ಜರ್ಮನ್ನು ಕಲಿತದ್ದು ಸ್ವಂತ ಶಾಲೆಯೊಂದನ್ನು ತೆರೆಯಲೆಂದೇ. ಇನ್ನೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಚದರಿಹೋಗುವುದು ತಪ್ಪಬೇಕು. ಕಣ್ಣು ಮಂಜಾಗುತ್ತಿದ್ದ ತಂದೆಯ ಬಳಿಯಲ್ಲೇ ಇರಬೇಕು. ಅಕ್ಕತಂಗಿಯರು ಕೂಡಿ ಬಾಳಬೇಕು. ನಾಲ್ಕು ಟವೆಲಿನ ಆ ಪ್ರಕಟಣೆಯ ಹಿಂದೆ ಇದ್ದ ಆಸೆ ಇಷ್ಟು. ಪರಿಚಿತರೆಲ್ಲ ಹರಸಿದರು, ಮಗಳನ್ನು ಕಳಿಸಿದವರಿಲ್ಲ. ಊರು ದೂರ, ದಾರಿ ಕಷ್ಟ. ವರ್ಷ ಮುಗಿಯುವುದರೊಳಗೆ ಆಸೆ ಬಿಟ್ಟರು. ಮೂರು ವರ್ಷ ಕಳೆದು, 1847ರಲ್ಲಿ, ಮೂವರ ಕಾದಂಬರಿಗಳೂ ಹೊರಬಂದವು. ಶಾಲೆ ತುಂಬಿದ್ದರೆ ಅವು ಬರುತ್ತಿದ್ದವೆ ಎಂದು ಯಾರು ಹೇಳಬೇಕು?

ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. 1854ರ ಜೂನ್ 29ರಂದು ಶಾರ್ಲಟ್‌ಳ ಮದುವೆ. ಆ ವೇಳೆಗೆ ಎಮಿಲಿ ಇಲ್ಲ, ಆನ್ ಇಲ್ಲ, ಇದ್ದೊಬ್ಬ ತಮ್ಮನೂ ಇಲ್ಲ. ತಂದೆ ಚರ್ಚಿಗೆ ಬರಲೊಲ್ಲೆನೆಂದ. ಕನ್ಯೆಯನ್ನು ಧಾರೆಯೆರೆದು ಕೊಡುವ ತಂದೆಯ ಸ್ಥಾನದಲ್ಲಿ ನಿಂತವರು ಮಿಸ್ ವೂಲರ್. ಪಕ್ಕದಲ್ಲಿ ಗೆಳತಿಯಾಗಿ ನಿಂತವಳು ಎಲೆನ್ ನಸ್ಸಿ. ಹತ್ತು ಹುಡುಗಿಯರ ಆ ಶಾಲೆ ಇಪ್ಪತ್ತಮೂರು ವರ್ಷದ ಮೇಲೆ ಬಂದು ಅವಳ ತವರಾಗಿ ನಿಂತಿತು. ಮುಂದಿನ ವರ್ಷವೇ ಶಾರ್ಲಟ್ ತೀರಿಕೊಂಡಳು. ಅವಳ ಕಾಗದಗಳನ್ನು ಸುಟ್ಟುಬಿಡಬೇಕೆಂದು ಅವಳ ಗಂಡ ಎಲೆನ್‌ಳಿಗೆ ಹೇಳಿದ್ದನು. ಎಲೆನ್ ಸುಡಲಿಲ್ಲ. ಗ್ಯಾಸ್ಕೆಲ್ಲರು ಜೀವನಚರಿತ್ರೆ ಬರೆಯ ಹೊರಟಾಗ ಅವುಗಳಲ್ಲಿ ಮುನ್ನೂರಕ್ಕೂ ಹೆಚ್ಚನ್ನು ಅವರ ಕೈಗೆ ಕೊಟ್ಟಳು. ಕಿಟಕಿಯ ಬಳಿ ಅಳುತ್ತಿದ್ದವಳ ಕೈಯನ್ನು ಅಂದು ಹಿಡಿದವಳು ಕೊನೆಯವರೆಗೂ ಬಿಡಲಿಲ್ಲ.

ವಸತಿಶಾಲೆಯಿಂದ ಬರುವ ಫಲ ಇದು, ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಅದಕ್ಕೆಂದೇ ಮಗಳ ಶಾಲೆಯನ್ನು ನೋಡಲು ಹೋದಾಗ ಫಲಿತಾಂಶ ಶೇಕಡಾ ಎಷ್ಟೆಂದು ನಾನು ವಿಚಾರಿಸಲಿಲ್ಲ. "ರಾತ್ರಿ ಊಟವಾದ ಮೇಲೆ ತಾವೇನು ಮಾಡುತ್ತೀರಿ?" ಎಂದು ಮುಖ್ಯೋಪಾಧ್ಯಾಯಿನಿಯನ್ನು ಕೇಳಿದೆ. ಅವರು ಕೊಂಚ ಬೆರಗಾಗಿ, "ಹುಡುಗಿಯರನ್ನು ಎಣಿಸುತ್ತೇನೆ. ಇರೋರು ನಲವತ್ತು ಜನ. ಎಣಿಸಿ ಮುಗಿಸೋಕೆ ಒಂದು ಗಂಟೆ ಆಗುತ್ತೆ. ಒಬ್ಬೊಬ್ಬಳೂ ಏನಾದರೊಂದು ಹೇಳದೆ ಬಿಡಲ್ಲವಲ್ಲ!" ಎಂದರು. ಮರುಮಾತಾಡದೆ ಅರ್ಜಿ ತುಂಬಿ ಕೊಟ್ಟೆ.

ಬ್ರಾಂಟೆಯವರ ಕಥೆಯನ್ನು ಎರಡು ಸಂಜೆ ಮಗಳಿಗೆ ಹೇಳಿದೆ. ಕೋವನ್ ಬ್ರಿಜ್ ಅವಳನ್ನು ಅಷ್ಟಾಗಿ ಹೆದರಿಸಲಿಲ್ಲ; ಯೋಚನೆಗೆ ಹಚ್ಚಿದ್ದು ಎಮಿಲಿ. "ಅಮ್ಮಾ, ಇವಳನ್ನು ಮನೆಗೆ ಕಳಿಸಿಬಿಡಿ ಅಂತ ಹೇಳೋದಕ್ಕೆ ಎಮಿಲಿಗೆ ಅಕ್ಕ ಅಲ್ಲೇ ಇದ್ದಳು. ನನಗೆ ಯಾರಿದ್ದಾರೆ?" ಎಂದಳು. ಇಪ್ಪತ್ತು ವರ್ಷ ತರಗತಿಯಲ್ಲಿ ಪ್ರಶ್ನೆಗಳನ್ನು ಎದುರಿಸಿದವಳು ನಾನು. ಈ ಪ್ರಶ್ನೆಗೆ ಗಳಿಗೆ ಹೊತ್ತು ಬೇಕಾಯಿತು. "ನೀನೇ ಹೇಳಬೇಕು, ಕಂದ. ಬಾ ಎಂದರೆ ಸಾಕು, ಏಕೆ ಎಂದು ಕೇಳದೆ ಬರುತ್ತೇನೆ. ಕಟ್ಟಿದ ದುಡ್ಡಿನ ಮಾತು ಯಾರೂ ಎತ್ತುವುದಿಲ್ಲ" ಎಂದೆ. ಮನೆಯವರು ಪತ್ರಿಕೆಯಿಂದ ತಲೆಯೆತ್ತಿ, ಹೌದೆಂಬಂತೆ ಕತ್ತಾಡಿಸಿದರು.

ಅತ್ತೆಯವರು ಮಾತ್ರ ಇನ್ನೂ ಒಪ್ಪಿಲ್ಲ. ಆದರೆ ನಿನ್ನೆ ಎರಡು ಕಿಲೋ ಅಕ್ಕಿಯನ್ನು ಗಿರಣಿಗೆ ಕಳಿಸಿದ್ದಾರೆ, ಕೋಡುಬಳೆಗಂತೆ.